ನಾಲ್ವರಿಗೆ ಹನ್ನೊಂದು ಸುಳಿ

ನೆತ್ತಿಯ ಮೇಲೆ ನನಗೆ ಎರಡು ಸುಳಿ.
ಹರಳೆಣ್ಣೆ ತಟ್ಟುವಾಗಲೆಲ್ಲ ಅಜ್ಜಿಯ ಬೆರಳು
ಅಲ್ಲಿ ದಾರಿ ತಪ್ಪಿ ನಿಲ್ಲುತ್ತಿತ್ತು:
ಎಲ್ಡು ಸುಳಿಯೋಳು, ಹೇಳಿದ್ ಮಾತ್ ಕೇಳೋಳಲ್ಲ.

ಅಪ್ಪ ಕಾಳಬೋರಯ್ಯ, ದನದ ದಲ್ಲಾಳಿ.
ತೆಂಡೇಕೆರೆ ಸಂತೆಯಲ್ಲಿ ಹಲ್ಲು ಹಿಡಿಯುವ ಮೊದಲು
ಸುಳಿ ನೋಡುತ್ತಿದ್ದ. ಹಣೆಯದು ಬಾಸಿಂಗ ಸುಳಿ, ಮನೆ ಬೆಳಗುತ್ತೆ.
ಕಣ್ಣಡಿಯದು ಕಣ್ಣೀರ ಸುಳಿ, ಬೇಡ, ಬಿಟ್ಟು ಬಾ.
ಆಮೇಲೆ ಟವೆಲು ಮುಚ್ಚಿ, ಅದರಡಿ ಕೈಗೆ ಕೈ.
ಮುಖದಲ್ಲೊಂದು ಗೆರೆ ಅಲುಗದೆ
ಬೆರಳು ಬೆರಳನ್ನು ಅಮುಕಿ ಬೆಲೆ ಕಟ್ಟುವುದು.
ಸುತ್ತ ನಿಂತ ನೂರು ಜನಕ್ಕೆ ಕಂಡದ್ದು
ಬಟ್ಟೆಯ ಸಣ್ಣ ಅಲುಗಾಟ, ಅಷ್ಟೆ.

ನನ್ನ ಸಂತೆ ಮೈಸೂರಿನಲ್ಲಿ, ಗಂಗೋತ್ರಿಯ ನೆಲಮಾಳಿಗೆ.
ಹೀಲಿಯಂ ಕೊಳಗದೊಳಗೆ ಉಗುರಿನಗಲ ಹರಳು,
ಹರಳಿನೊಳಗೆ ಎತ್ತರವೇ ಇಲ್ಲದ ಒಂದು ಬಯಲು,
ಬಯಲ ತುಂಬ ಎಲೆಕ್ಟ್ರಾನು.
ಚಳಿಯೆ? ಸೊನ್ನೆಗೂ ಅದಕ್ಕೂ ನಡುವೆ ಒಂದು ಕೂದಲು.
ಮೇಲಿಂದ ಅಯಸ್ಕಾಂತದ ಒತ್ತು.
ಬಯಲೆಲ್ಲ ಸುಳಿ, ಕಟ್ಟೆಯಿಂದ ನೀರು ಬಿಟ್ಟ ದಿನದ
ಸಂಗಮದ ಹಾಗೆ.

ಒಂದನ್ನೊಂದು ಕಂಡರಾಗದ ಜಾತಿ ಇವು.
ಜಗಳ ತಪ್ಪಿಸಲು ಒಂದು ಉಪಾಯ ಹೂಡುತ್ತವೆ:
ತಲೆಗೆ ಎರಡೆರಡು ಸುಳಿ ಮುಡಿದು
ಹೊಸಬರಾಗಿ ಹೊರಡುತ್ತವೆ.
ಒಬ್ಬನ ಸುಳಿಯಲ್ಲಿ ಇನ್ನೊಬ್ಬ ಕಾಲಿಡುವುದಿಲ್ಲ.
ತಲೆಗೆರಡೇ ಇದ್ದ ದಿನ ಸುಳಿಯೆಲ್ಲ ಖರ್ಚಾಗಿ
ಅಯಸ್ಕಾಂತ ಇದ್ದೂ ಇಲ್ಲದಂತೆ
ನೆಟ್ಟಗೆ ಓಡುತ್ತಾರೆ, ನೊಗ ಕಳಚಿದ ಹೋರಿಗಳು.
ತಲೆಗೆ ಮೂರಿದ್ದರೆ ಒಂದುಳಿಯುತ್ತದೆ,
ಉಳಿದ ಸುಳಿಯೇ ಕೂರುವ ಮಣೆ.
ಎಲ್ಲರೂ ಕೂತರೆ ಗೆರೆ ಸೊನ್ನೆಗಿಳಿದು ಮಲಗುತ್ತದೆ.
ಇಷ್ಟು ಪುಸ್ತಕದಲ್ಲಿದೆ.
ಇಷ್ಟಕ್ಕೆ ಯಾರೂ ಯಾರನ್ನೂ ಮಾತಾಡಿಸಬೇಕಿಲ್ಲ.

ಮಾರ್ಗಶಿರದ ಒಂದು ರಾತ್ರಿ, ಹೀಲಿಯಂ ಮುಗಿಯಲು ಇನ್ನೆರಡು ಗಂಟೆ,
ಮುಬೀನಾ ಕರೆದಳು: ಅಕ್ಕ, ಇಲ್ಲೊಂದು ತಗ್ಗು.
ಇರಬಾರದ ಕಡೆ. ಕರುವಿನ ಬೆನ್ನ ಮೇಲೆ
ಕೈಯಿಟ್ಟು ತೆಗೆದಷ್ಟು.
ನಾಲ್ವರಿಗೆ ಹನ್ನೊಂದು ಸುಳಿ.
ಎಂಟು ಮುಡಿದರು. ಉಳಿದದ್ದು ಮೂರು ಮಣೆ.
ಮೂವರು ಕೂತರು.
ಒಬ್ಬ ಅಟ್ಟ ಹತ್ತಿದ.
ಹಾಗೆ ಹತ್ತಿದವರು ಬಯಲುದ್ದಕ್ಕೂ ಅಲ್ಲೊಬ್ಬ ಇಲ್ಲೊಬ್ಬ.
ಅವರವರಲ್ಲಿ ಏನೂ ನಡೆಯದಿದ್ದರೆ
ಈ ತಗ್ಗೇ ಬೀಳುತ್ತಿರಲಿಲ್ಲ.
ಸುಳಿ ಮುಡಿದ ಮೇಲೂ ಜಗಳ ಪೂರ್ತಿ ತೀರಿಲ್ಲ,
ಚೂರು ಉಳಿದಿದೆ.
ಆ ಚೂರು ಬಟ್ಟೆಯನ್ನು ಅಲುಗಿಸುತ್ತಿದೆ.

ಮೂರು ತಿಂಗಳು ಲೆಕ್ಕ ಹಾಕಿದೆವು. ವಿಚಿತ್ರ ಬಂತು:
ಅಟ್ಟದವರು ತೀರ ಹತ್ತಿರ ಬಂದರೆ ಸಹಿಸುತ್ತಾರೆ,
ತೀರ ದೂರವಾದರೂ ಸರಿ,
ನಡುವಿನ ಒಂದು ದೂರ ಮಾತ್ರ ಆಗಿಬರದು.
ನಗು ಬಂತು. ಇದು ನಮ್ಮ ಮನೆಯ ವಿಷಯ.
ಮೊಪೆಡ್ಡಿನಲ್ಲಿ ಅಪ್ಪನ ಬೆನ್ನಿಗಂಟಿ ಎಷ್ಟು ದೂರವೂ ಹೋದೇನು,
ಫೋನಿನಲ್ಲಿ, ಕೆ.ಆರ್. ಪೇಟೆಯಾಚೆಯಿಂದ, ನಕ್ಕೇನು.
ಜಗಲಿಗೂ ನಡುಮನೆಗೂ ಇರುವಷ್ಟು ದೂರದಲ್ಲಿ ಕೂತರೆ
ಎರಡನೇ ಮಾತಿಗೆ ಕಿಡಿ.

ಒಂದು ಸಂಜೆ ಅವನೇ ಬಂದ,
ಕುಕ್ಕರಹಳ್ಳಿ ಕೆರೆಗೆ ಹೆಜ್ಜಾರ್ಲೆ ಇಳಿಯುವ ಹೊತ್ತು.
ಕೊಳಗವನ್ನು ಒಂದು ಸುತ್ತು ಬಂದ. ಪಂಪಿಗೆ ಕಿವಿಗೊಟ್ಟ.
ಎಲ್ಲವ್ವ ನಿನ್ನೆತ್ತು?
ಕಾಣಲ್ಲಪ್ಪ, ಎಂದು ಗೆರೆ ತೋರಿಸಿದೆ.
ಕನ್ನಡಕ ಏರಿಸಿ ಆ ತಗ್ಗನ್ನೇ ನೋಡಿದ.
ಮತ್ತೆ, ಹೆಗಲ ಟವೆಲು ತೆಗೆದು
ನನ್ನ ಕೈ ಮೇಲೆ ಹಾಕಿದ.
ನಾಲ್ಕು ಬೆರಳು ಅಮುಕಿದೆ.
ಆಮೇಲೆ ಹತ್ತರ ಗುರುತು, ಆಮೇಲೆ ಒಂದು.
ಮುಖದ ಗೆರೆ ಅಲುಗಲಿಲ್ಲ.
ಬಹಳ ಹೊತ್ತಿನ ಮೇಲೆ ಅವನೂ ಅಮುಕಿದ.

ಎಷ್ಟಂತೆ, ಎಂದು ಮುಬೀನಾ ಈಗಲೂ ಕೇಳುತ್ತಾಳೆ.
ಟವೆಲಿನಡಿ ಆದದ್ದನ್ನು
ಟವೆಲಿನಾಚೆ ಆಡುವ ಪದ್ಧತಿ
ನಮ್ಮಲ್ಲಿಲ್ಲ.